ಪೂರ್ವ ಏಷ್ಯಾದಿಂದ ಅಮೆರಿಕಕ್ಕೆ: ಒಬ್ಬೊಬ್ಬರ ವಲಸೆಯ ಲೆಕ್ಕ ಒಂದೊಂದು ಥರ ಯಾಕೆ?

1970ರಲ್ಲಿ ಅಮೆರಿಕ ಜನಗಣತಿ ಮಾಡಿದಾಗ ಅಲ್ಲಿದ್ದ ಏಷ್ಯಾ ಮೂಲದವರಲ್ಲಿ ಜಪಾನೀಯರದೇ ದೊಡ್ಡ ಗುಂಪು. ಸುಮಾರು 5.9 ಲಕ್ಷ ಜನ. ಚೀನೀಯರು 4.35 ಲಕ್ಷ, ಕೊರಿಯನ್ನರು ಎಪ್ಪತ್ತು ಸಾವಿರದ ಆಸುಪಾಸು. 2020ರ ಗಣತಿಯ ಹೊತ್ತಿಗೆ ಈ ಪಟ್ಟಿಯೇ ತಲೆಕೆಳಗಾಗಿತ್ತು. ಚೀನೀ ಮೂಲದವರು 50 ಲಕ್ಷ ದಾಟಿದ್ದರು. ಕೊರಿಯನ್ನರು 20 ಲಕ್ಷದ ಹತ್ತಿರ ಬಂದಿದ್ದರು. ಜಪಾನೀಯರು, ಮಿಶ್ರ ಮದುವೆಯ ಮಕ್ಕಳನ್ನೂ ಸೇರಿಸಿಕೊಂಡರೆ, 16 ಲಕ್ಷದಷ್ಟು. ಮೊದಲ ಸ್ಥಾನದಿಂದ ಆರನೇ ಸ್ಥಾನಕ್ಕೆ ಇಳಿದಿದ್ದರು.

ಅಕ್ಕಪಕ್ಕದ ದೇಶಗಳ ನಡುವೆ ಇಷ್ಟೊಂದು ಅಂತರ ಹೇಗೆ ಬಂತು ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಬಡವರು ಊರು ಬಿಡುತ್ತಾರೆ, ಉಳ್ಳವರು ಬಿಡುವುದಿಲ್ಲ ಅನ್ನುವುದು ಒಂದು. ಅದೆಲ್ಲ ಆಯಾ ಜನರ ಸ್ವಭಾವ, ಜಪಾನೀಯರಿಗೆ ತಮ್ಮ ನೆಲ ಬಿಡುವ ಮನಸ್ಸಿಲ್ಲ, ಚೀನೀಯರು ಎಲ್ಲಿ ಬೇಕಾದರೂ ಹೋಗಿ ಅಂಗಡಿ ತೆರೆಯುತ್ತಾರೆ ಅನ್ನುವುದು ಇನ್ನೊಂದು.

ಸ್ವಭಾವದ ಮಾತನ್ನು ಮೊದಲೇ ಪಕ್ಕಕ್ಕಿಡಬಹುದು. 1908ರ ಜೂನ್‌ನಲ್ಲಿ ಕಸಾತೊ ಮಾರು ಅನ್ನುವ ಹಡಗು 781 ಜಪಾನೀಯರನ್ನು ಬ್ರೆಜಿಲ್‌ನ ಸ್ಯಾಂಟೋಸ್ ಬಂದರಿನಲ್ಲಿ ಇಳಿಸಿತು. ಕಾಫಿ ತೋಟದ ಕೂಲಿಗೆ ಹೋದ ಆ ಜನ ಮತ್ತು ಅವರ ಹಿಂದೆ ಹೋದವರ ಸಂತತಿ ಇಂದು ಬ್ರೆಜಿಲ್‌ನಲ್ಲಿ ಇಪ್ಪತ್ತು ಲಕ್ಷದಷ್ಟಿದೆ. 1920ರಲ್ಲಿ ಹವಾಯಿಯಲ್ಲಿದ್ದ ಪ್ರತಿ ಹತ್ತು ಜನರಲ್ಲಿ ನಾಲ್ವರು ಜಪಾನೀಯರೇ ಆಗಿದ್ದರು. ಹೀಗೆ ಹಡಗುಗಟ್ಟಲೆ ಹೊರಟ ಜನರ ಮೊಮ್ಮಕ್ಕಳಿಗೆ ಊರು ಬಿಡುವ ಸ್ವಭಾವವೇ ಇಲ್ಲ ಎಂದರೆ ಅದು ವಿವರಣೆ ಆಗುವುದಿಲ್ಲ.

ಬಡತನದ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧಕ್ಕೆ ಬೇರೆ ಮೂರು ಸಂಗತಿ ನೋಡಬೇಕು. ಅಮೆರಿಕದ ಬಾಗಿಲು ಯಾರಿಗೆ ಯಾವಾಗ ಮುಚ್ಚಿತ್ತು, ಯಾವಾಗ ತೆರೆಯಿತು? ತೆರೆದ ಹೊತ್ತಿನಲ್ಲಿ ಆ ದೇಶದ ಒಳಗೆ ಏನು ನಡೆಯುತ್ತಿತ್ತು? ಆಚೆ ಕಡೆ ಇವರನ್ನು ಕರೆಸಿಕೊಳ್ಳಲು ಯಾರಿದ್ದರು? ಈ ಮೂರೂ ಪ್ರತಿ ದೇಶಕ್ಕೂ ಬೇರೆ ಬೇರೆ ಸಮಯಕ್ಕೆ ಕೂಡಿಬಂದವು. ಅಂತರವೆಲ್ಲ ಅಲ್ಲಿಂದಲೇ ಹುಟ್ಟಿದ್ದು ಎಂದು ನನಗನ್ನಿಸುತ್ತದೆ.

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ

ಸಂಖ್ಯೆ ಬೇರೆ, ದರ ಬೇರೆ. ಕೊರೊನಾಗೆ ಮುಂಚಿನ ಕೆಲವು ವರ್ಷಗಳಲ್ಲಿ ಅಮೆರಿಕದ ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ, ವರ್ಷಕ್ಕೆ 60ರಿಂದ 80 ಸಾವಿರ ಚೀನೀಯರಿಗೆ ಸಿಗುತ್ತಿತ್ತು. ದಕ್ಷಿಣ ಕೊರಿಯಾದವರಿಗೆ 18ರಿಂದ 20 ಸಾವಿರ. ಜಪಾನ್ ಮತ್ತು ತೈವಾನ್‌ನವರಿಗೆ ತಲಾ ಐದು ಸಾವಿರದ ಆಸುಪಾಸು. ಇಷ್ಟನ್ನೇ ನೋಡಿದರೆ ಚೀನಾದಿಂದ ಜನ ಪ್ರವಾಹದಂತೆ ಹರಿದುಬರುತ್ತಿದ್ದಾರೆ ಅನ್ನಿಸುತ್ತದೆ.

ಆದರೆ ಚೀನಾದಲ್ಲಿ 140 ಕೋಟಿ ಜನರಿದ್ದಾರೆ. ಜಪಾನಿನಲ್ಲಿ 12 ಕೋಟಿಗೂ ಹೆಚ್ಚು, ಕೊರಿಯಾದಲ್ಲಿ 5 ಕೋಟಿ ಚಿಲ್ಲರೆ, ತೈವಾನ್‌ನಲ್ಲಿ 2.3 ಕೋಟಿ. ಭಾಗಿಸಿ ನೋಡಿದರೆ ಚಿತ್ರ ಬದಲಾಗುತ್ತದೆ. ಪ್ರತಿ ಲಕ್ಷ ಕೊರಿಯನ್ನರಲ್ಲಿ ವರ್ಷಕ್ಕೆ 35 ಜನ, ತೈವಾನ್‌ನ ಲಕ್ಷಕ್ಕೆ 20ಕ್ಕೂ ಹೆಚ್ಚು. ಚೀನಾದ ಲಕ್ಷಕ್ಕೆ ಐದರ ಆಸುಪಾಸು, ಜಪಾನಿನ ಲಕ್ಷಕ್ಕೆ ನಾಲ್ಕು.

ಅಂದರೆ ಚೀನಾ ಮತ್ತು ಜಪಾನಿನ ದರ ಹೆಚ್ಚುಕಡಿಮೆ ಒಂದೇ! ಈ ಇಡೀ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಜಪಾನೀಯರಿಗೆ ಹೋಗುವ ಅವಕಾಶವಿದ್ದರೂ ಹೋಗುವ ಮನಸ್ಸಿಲ್ಲ. ಚೀನೀಯರಲ್ಲಿ ಹೋಗಲು ಮನಸ್ಸಿರುವವರು ಬಹಳ, ಆದರೆ ಸರದಿಯ ಸಾಲು ಉದ್ದ. ಕಾರಣ ಪೂರ್ತಿ ಉಲ್ಟಾ, ಉತ್ತರ ಮಾತ್ರ ಒಂದೇ.

ಜಪಾನೀಯರಿಗೆ ಮನಸ್ಸಿಲ್ಲ ಎಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ಅಮೆರಿಕ ಪ್ರತಿ ವರ್ಷ ಲಾಟರಿ ಎತ್ತಿ ಸುಮಾರು 50 ಸಾವಿರ ಗ್ರೀನ್ ಕಾರ್ಡ್ ಹಂಚುತ್ತ ಬಂದಿದೆ. ಅಲ್ಲಿಗೆ ಈಗಾಗಲೇ ಹೆಚ್ಚು ಜನರನ್ನು ಕಳಿಸಿರುವ ದೇಶಗಳಿಗೆ ಅದರಲ್ಲಿ ಅವಕಾಶವಿಲ್ಲ. ಚೀನಾ, ದಕ್ಷಿಣ ಕೊರಿಯಾ, ಭಾರತ ಮೂರೂ ಹೊರಗೆ. ಜಪಾನ್ ಒಳಗಿದೆ. ಅರ್ಜಿ ಹಾಕಲು ನೆಂಟರು ಬೇಡ, ಕಂಪನಿ ಬೇಡ. ಆದರೂ ಅದರಿಂದ ಗ್ರೀನ್ ಕಾರ್ಡ್ ಪಡೆಯುವ ಜಪಾನೀಯರು ವರ್ಷಕ್ಕೆ ಕೆಲವೇ ನೂರು ಮಂದಿ.

ಹೆಂಡತಿಯರನ್ನು ಕರೆಸಿಕೊಂಡವರು, ಕರೆಸಿಕೊಳ್ಳಲಾಗದವರು

1970ರಲ್ಲಿ ಜಪಾನೀಯರು ಮುಂದಿದ್ದುದಕ್ಕೆ ಕಾರಣ ಹುಡುಕಲು ಹತ್ತೊಂಬತ್ತನೇ ಶತಮಾನಕ್ಕೆ ಹೋಗಬೇಕು. ಅಮೆರಿಕಕ್ಕೆ ಮೊದಲು ಹೋದವರು ಚೀನೀಯರು. 1849ರ ಕ್ಯಾಲಿಫೋರ್ನಿಯಾದ ಚಿನ್ನದ ಹುಚ್ಚಿನ ಕಾಲಕ್ಕೆ, ಆಮೇಲೆ 1860ರ ದಶಕದಲ್ಲಿ ಖಂಡದ ಈ ತುದಿಯಿಂದ ಆ ತುದಿಗೆ ರೈಲು ಹಳಿ ಹಾಕಲು. ಅವರಲ್ಲಿ ಬಹುಪಾಲು ಜನ ಬಂದದ್ದು ಚೀನಾದ ದಕ್ಷಿಣದಲ್ಲಿರುವ ಗುವಾಂಗ್‌ಡಾಂಗ್ ಪ್ರಾಂತದ ನಾಲ್ಕೈದು ತಾಲ್ಲೂಕುಗಳಿಂದ, ಅದರಲ್ಲೂ ತೈಶಾನ್‌ನಿಂದ. ಇಡೀ ಚೀನಾ ವಲಸೆ ಹೋಗಲಿಲ್ಲ, ನದಿಮುಖದ ಒಂದು ಮೂಲೆ ಹೋಯಿತು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

1875ರ ಪೇಜ್ ಕಾಯ್ದೆ ಚೀನೀ ಹೆಂಗಸರು ಬರುವುದನ್ನು ಹೆಚ್ಚುಕಡಿಮೆ ನಿಲ್ಲಿಸಿತು. 1882ರ ಬಹಿಷ್ಕಾರ ಕಾಯ್ದೆ ಕೂಲಿಕಾರರನ್ನೂ ತಡೆಯಿತು. ಒಂದು ದೇಶದ ಹೆಸರು ಹಿಡಿದು ಅದರ ಜನರನ್ನು ತಡೆದ ಅಮೆರಿಕದ ಮೊದಲ ಕಾನೂನು ಅದು. 1890ರಲ್ಲಿ ಅಲ್ಲಿದ್ದ ಚೀನೀಯರಲ್ಲಿ ಒಬ್ಬ ಹೆಂಗಸಿಗೆ 27 ಗಂಡಸರು. ಸಂಸಾರವಿಲ್ಲ, ಮಕ್ಕಳಿಲ್ಲ. 1880ರಲ್ಲಿ ಒಂದು ಲಕ್ಷ ದಾಟಿದ್ದ ಸಮುದಾಯ 1920ರ ಹೊತ್ತಿಗೆ 62 ಸಾವಿರಕ್ಕೆ ಕುಗ್ಗಿತು.

ಜಪಾನೀಯರ ಕಥೆ ಬೇರೆ. ಅಲ್ಲಿನ ಮೇಜಿ ಚಕ್ರವರ್ತಿಯ ಕಾಲದ ಸರ್ಕಾರ ಭೂಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂದಿತು. 1880ರ ದಶಕದಲ್ಲಿ ಬೆಳೆಗೆ ಬೆಲೆ ಬಿದ್ದು ರೈತರು ಜಮೀನು ಕಳೆದುಕೊಂಡರು. 1885ರಿಂದ ಸರ್ಕಾರವೇ ಕರಾರು ಮಾಡಿಸಿ ಹವಾಯಿಯ ಕಬ್ಬಿನ ತೋಟಗಳಿಗೆ ಜನರನ್ನು ಕಳಿಸತೊಡಗಿತು. ಇಲ್ಲೂ ಹೋದವರು ಕೆಲವೇ ಸೀಮೆಯವರು: ಹಿರೋಷಿಮಾ, ಯಾಮಾಗುಚಿ, ಕುಮಾಮೊಟೊ, ಆಮೇಲೆ ಒಕಿನಾವಾ.

1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಶಾಲಾ ಮಂಡಳಿ ಜಪಾನೀ ಮಕ್ಕಳನ್ನು ಬೇರೆ ಶಾಲೆಗೆ ಹಾಕಲು ಹೊರಟಿತು. ಚೀನೀಯರಿಗೆ ಮಾಡಿದ್ದನ್ನೇ ಇವರಿಗೂ ಮಾಡಿ ಅನ್ನುವ ಕೂಗು ಕ್ಯಾಲಿಫೋರ್ನಿಯಾದಲ್ಲಿ ಜೋರಾಗಿತ್ತು. ಆದರೆ ಜಪಾನ್ ಹಿಂದಿನ ವರ್ಷವಷ್ಟೇ ರಷ್ಯಾವನ್ನು ಯುದ್ಧದಲ್ಲಿ ಸೋಲಿಸಿತ್ತು. ಅಂಥ ದೇಶವನ್ನು ಹೆಸರು ಹಿಡಿದು ಅವಮಾನಿಸಲು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸಿದ್ಧರಿರಲಿಲ್ಲ. 1907-08ರಲ್ಲಿ ಒಂದು ಒಪ್ಪಂದವಾಯಿತು. ಜಪಾನ್ ತಾನಾಗಿಯೇ ಕೂಲಿಕಾರರಿಗೆ ಪಾಸ್‌ಪೋರ್ಟ್ ಕೊಡುವುದನ್ನು ನಿಲ್ಲಿಸುತ್ತದೆ, ಆದರೆ ಈಗಾಗಲೇ ಹೋದವರ ಹೆಂಡತಿ ಮಕ್ಕಳು ಹೋಗಬಹುದು.

ಆ ಒಂದು ವಿನಾಯಿತಿ ಎಲ್ಲವನ್ನೂ ಬದಲಿಸಿತು. ಅಮೆರಿಕದಲ್ಲಿದ್ದ ಗಂಡು ಊರಿಗೆ ತನ್ನ ಫೋಟೊ ಕಳಿಸುತ್ತಿದ್ದ, ಊರಿನ ಹಿರಿಯರು ಹೆಣ್ಣಿನ ಫೋಟೊ ಕಳಿಸುತ್ತಿದ್ದರು, ಮದುವೆ ಜಪಾನಿನಲ್ಲೇ ನೋಂದಣಿಯಾಗುತ್ತಿತ್ತು. ಹಡಗಿನಿಂದ ಇಳಿದ ಮದುಮಗಳು ಬಂದರುಕಟ್ಟೆಯಲ್ಲಿ ಫೋಟೊ ಹಿಡಿದು ಗಂಡನ ಮುಖ ಹುಡುಕುತ್ತಿದ್ದಳು. ಎಷ್ಟೋ ಸಲ ಆ ಫೋಟೊ ಹತ್ತು ವರ್ಷ ಹಳೆಯದಾಗಿರುತ್ತಿತ್ತು. 1920ರಲ್ಲಿ ಇದೂ ನಿಂತಿತು, 1924ರ ಕಾನೂನು ಉಳಿದದ್ದನ್ನೆಲ್ಲ ಮುಚ್ಚಿತು. ಅಷ್ಟರಲ್ಲಿ ಸಂಸಾರಗಳು ಬೇರೂರಿದ್ದವು, ಅಮೆರಿಕದಲ್ಲೇ ಹುಟ್ಟಿದ ಮಕ್ಕಳಿದ್ದರು. 1942ರಲ್ಲಿ ಸುಮಾರು 1.2 ಲಕ್ಷ ಜಪಾನೀ ಮೂಲದವರನ್ನು ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಿದಾಗ ಅವರಲ್ಲಿ ಮೂರನೇ ಎರಡು ಪಾಲು ಜನ ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. 1970ರ ಗಣತಿಯ ಆ 5.9 ಲಕ್ಷ ಜನರಲ್ಲಿ ಬಹುಪಾಲು ಇಂಥ ಮನೆಗಳವರು.

1965: ಬಾಗಿಲು ತೆರೆದ ಹೊತ್ತು

ಯುದ್ಧದ ನಂತರ ಕಾನೂನು ಸಡಿಲವಾಯಿತು, ಆದರೆ ಹೆಸರಿಗಷ್ಟೇ. 1943ರಲ್ಲಿ ಚೀನೀಯರಿಗೆ ಕೊಟ್ಟ ಕೋಟಾ ವರ್ಷಕ್ಕೆ 105. 1952ರಲ್ಲಿ ಜಪಾನಿಗೆ 185, ಕೊರಿಯಾಕ್ಕೆ 100. ನಿಜವಾಗಿ ಬಾಗಿಲು ತೆರೆದದ್ದು 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನಿನಿಂದ. ಜನಾಂಗ ನೋಡುವ ಕೋಟಾ ಹೋಯಿತು. ದೇಶಕ್ಕೆ ವರ್ಷಕ್ಕೆ 20 ಸಾವಿರದ ಮಿತಿ ಬಂತು. ಅದರೊಳಗೆ ಮೊದಲ ಆದ್ಯತೆ ಅಮೆರಿಕದಲ್ಲಿರುವವರ ಬಂಧುಗಳಿಗೆ, ಆಮೇಲೆ ಅಲ್ಲಿಗೆ ಬೇಕಾದ ಕೌಶಲ ಇದ್ದವರಿಗೆ. ಪ್ರಜೆಗಳ ಗಂಡ, ಹೆಂಡತಿ, ಚಿಕ್ಕ ಮಕ್ಕಳು, ತಂದೆತಾಯಿ ಈ 20 ಸಾವಿರದ ಲೆಕ್ಕಕ್ಕೇ ಬರುವುದಿಲ್ಲ.

ಬಂಧುಗಳಿಗೆ ಆದ್ಯತೆ ಎಂದ ಮೇಲೆ ಹೆಚ್ಚು ಲಾಭ ಆಗಬೇಕಾದದ್ದು ಆಗ ಅತಿ ಹೆಚ್ಚು ಇದ್ದ ಜಪಾನೀಯರಿಗೆ. ಆಗಲಿಲ್ಲ. ಅವರ ವಲಸೆ ನಿಂತು ನಲವತ್ತು ವರ್ಷ ಕಳೆದಿತ್ತು. ಮೂರನೇ ತಲೆಮಾರಿನವನಿಗೆ ಹಿರೋಷಿಮಾದಲ್ಲಿ ಇದ್ದದ್ದು ಅಜ್ಜನ ಕಡೆಯ ದೂರದ ನೆಂಟರು. ಕಾನೂನು ಕೇಳುತ್ತಿದ್ದದ್ದು ಅಣ್ಣ, ತಂಗಿ, ಹೆಂಡತಿ, ಅಪ್ಪ, ಅಮ್ಮನನ್ನು.

ಇನ್ನೂ ದೊಡ್ಡ ಕಾರಣ ಜಪಾನಿನ ಒಳಗಿತ್ತು. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ನಡೆಯಿತು, ಅದೇ ವರ್ಷ ಷಿಂಕಾನ್‌ಸೆನ್ ಅನ್ನುವ ಅತಿವೇಗದ ರೈಲು ಓಡಿತು. 1960ರ ದಶಕ ಮುಗಿಯುವುದರೊಳಗೆ ಜಪಾನ್ ಬಂಡವಾಳಶಾಹಿ ಜಗತ್ತಿನ ಎರಡನೇ ದೊಡ್ಡ ಆರ್ಥಿಕತೆ. ಹಳ್ಳಿಯ ಮಕ್ಕಳು ಊರು ಬಿಡಲಿಲ್ಲವೆಂದಲ್ಲ, ಬಿಟ್ಟರು. ಆದರೆ ಹಡಗು ಹತ್ತಲಿಲ್ಲ, ರೈಲು ಹತ್ತಿದರು. ಮಿಡ್ಲ್ ಸ್ಕೂಲ್ ಮುಗಿಸಿದ ಹದಿನೈದರ ಹುಡುಗ ಹುಡುಗಿಯರನ್ನು ತುಂಬಿಕೊಂಡು ಉತ್ತರದ ಆವೊಮೊರಿಯಂಥ ಕಡೆಗಳಿಂದ ಟೋಕಿಯೊದ ಉಯೆನೊ ನಿಲ್ದಾಣಕ್ಕೆ ವಿಶೇಷ ರೈಲುಗಳೇ ಬರುತ್ತಿದ್ದವು. ಕಾರ್ಖಾನೆಯವರು, ಅಂಗಡಿಯವರು ನಿಲ್ದಾಣಕ್ಕೇ ಬಂದು ಕರೆದುಕೊಂಡು ಹೋಗುತ್ತಿದ್ದರು. ಆ ಮಕ್ಕಳನ್ನು ಆಗ ಚಿನ್ನದ ಮೊಟ್ಟೆಗಳು ಎಂದೇ ಕರೆಯುತ್ತಿದ್ದರು, ಅಷ್ಟು ಬೇಡಿಕೆ. ಇಪ್ಪತ್ತು ವರ್ಷ ನಡೆದ ಆ ರೈಲುಗಳು 1975ರ ಹೊತ್ತಿಗೆ ನಿಂತವು. ಒಂದು ತಲೆಮಾರಿನ ಹಿಂದೆ ಇದೇ ಮಕ್ಕಳು ಹವಾಯಿಗೋ ಬ್ರೆಜಿಲ್‌ಗೋ ಹೋಗುತ್ತಿದ್ದರು.

ಆಮೇಲೂ ಜಪಾನೀಯರು ಹೊರದೇಶದಲ್ಲಿ ಇಲ್ಲದೇ ಇಲ್ಲ. ಈಗಲೂ ಸುಮಾರು 13 ಲಕ್ಷ ಜನ ಹೊರಗಿದ್ದಾರೆ. ಆದರೆ ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಕಂಪನಿ ಕಳಿಸಿದವರು, ಅವರ ಮನೆಯವರು, ಓದಲು ಹೋದವರು. ಕಂಪನಿಯವರು ಮೂರೋ ಐದೋ ವರ್ಷಕ್ಕೆ ವಾಪಸ್. ವ್ಯಾಪಾರ ಒಪ್ಪಂದದ ವೀಸಾ ಜಪಾನಿಗೆ ಇರುವುದರಿಂದ ಗ್ರೀನ್ ಕಾರ್ಡ್ ಇಲ್ಲದೆಯೇ ಅವರ ಕೆಲಸ ಸಾಗುತ್ತದೆ, ವಲಸೆಯ ಲೆಕ್ಕದಲ್ಲಿ ಅವರು ಕಾಣುವುದೇ ಇಲ್ಲ. ಜೊತೆಗೆ ಜಪಾನಿನ ದೊಡ್ಡ ಕಂಪನಿಗಳು ಕಾಲೇಜು ಮುಗಿಸಿದವರನ್ನು ಒಟ್ಟಿಗೇ ಏಪ್ರಿಲ್‌ನಲ್ಲಿ ಸೇರಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡಿವೆ. ಆ ಸರದಿ ತಪ್ಪಿಸಿಕೊಂಡು ಹೊರಗೆ ಓದಲು ಹೋದವನಿಗೆ ಮರಳಿದ ಮೇಲೆ ಜಾಗ ಸಿಗುವುದು ಕಷ್ಟ. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಜಪಾನೀ ವಿದ್ಯಾರ್ಥಿಗಳು 47 ಸಾವಿರ. ಹದಿನೈದು ವರ್ಷದಲ್ಲಿ ಅದು 20 ಸಾವಿರಕ್ಕಿಂತ ಕೆಳಗಿಳಿಯಿತು. ಇದೇ ಕಾಲದಲ್ಲಿ ಜಪಾನಿನ ಆರ್ಥಿಕತೆ ಮಂಕಾಗಿತ್ತು ಅನ್ನುವುದನ್ನು ಗಮನಿಸಿ. ಕಷ್ಟ ಬಂದರೆ ಜನ ಹೊರಡುತ್ತಾರೆ ಅನ್ನುವ ಸರಳ ಸೂತ್ರ ಇಲ್ಲಿ ಕೆಲಸ ಮಾಡಲಿಲ್ಲ.

ಕೊರಿಯಾ: ಸೇನೆಯ ಹಿಂದೆ ಹೋದ ದಾರಿ

ದರದಲ್ಲಿ ಎಲ್ಲರನ್ನೂ ಮೀರಿಸಿದ ಕೊರಿಯಾದ ಕಥೆ ಹೆಚ್ಚು ಹೊತ್ತು ಬೇಡುತ್ತದೆ.

1903ರ ಜನವರಿಯಲ್ಲಿ ಮೊದಲ ಕೊರಿಯನ್ ಕೂಲಿಗಳು ಹವಾಯಿ ಮುಟ್ಟಿದರು. ಅವರಲ್ಲಿ ಬಹಳ ಜನ ಇಂಚಿಯಾನ್‌ನ ಒಂದೇ ಮೆಥಡಿಸ್ಟ್ ಚರ್ಚಿನವರು. ಅಲ್ಲಿದ್ದ ಅಮೆರಿಕನ್ ಪಾದ್ರಿಯೇ ಅವರಿಗೆ ಧೈರ್ಯ ಹೇಳಿ ಹೊರಡಿಸಿದ್ದು. ಎರಡೂವರೆ ವರ್ಷದಲ್ಲಿ ಏಳು ಸಾವಿರ ಜನ ಹೋದರು. 1905ರಲ್ಲಿ ಕೊರಿಯಾವನ್ನು ಕೈವಶ ಮಾಡಿಕೊಂಡ ಜಪಾನ್ ಅದನ್ನು ನಿಲ್ಲಿಸಿತು. ಮುಂದಿನ ನಲವತ್ತು ವರ್ಷ ಕೊರಿಯನ್ನರು ಹೋದದ್ದು ಮಂಚೂರಿಯಾಕ್ಕೆ, ರಷ್ಯಾದ ಪೂರ್ವಕ್ಕೆ, ಜಪಾನಿನ ಗಣಿ ಕಾರ್ಖಾನೆಗಳಿಗೆ. 1945ರಲ್ಲಿ ಜಪಾನಿನಲ್ಲಿ ಸುಮಾರು 20 ಲಕ್ಷ ಕೊರಿಯನ್ನರಿದ್ದರು. ಹಾಗಾಗಿ 1965ರಲ್ಲಿ ಅಮೆರಿಕದಲ್ಲಿ ಇವರಿಗೆ ಹೇಳಿಕೊಳ್ಳುವಂಥ ಸಮುದಾಯವೇ ಇರಲಿಲ್ಲ. ಆದರೆ ಜಪಾನೀಯರಿಗೆ ಇಲ್ಲದ್ದೊಂದು ಇವರಿಗಿತ್ತು: ಈಗಷ್ಟೇ ಹೋದ ಹತ್ತಿರದ ಬಂಧು.

1950ರಿಂದ 53ರವರೆಗಿನ ಯುದ್ಧದ ನಂತರ ಅಮೆರಿಕದ ಸೇನೆ ಕೊರಿಯಾದಲ್ಲೇ ಉಳಿಯಿತು. ಸೈನಿಕರನ್ನು ಮದುವೆಯಾದ ಹೆಣ್ಣುಮಕ್ಕಳು ಅಮೆರಿಕಕ್ಕೆ ಹೋದರು. 1950ರಿಂದ 1989ರ ನಡುವೆ ಹೀಗೆ ಹೋದವರು ಸುಮಾರು ಒಂದು ಲಕ್ಷ. ಇವರೆಲ್ಲ ಕೋಟಾದ ಹೊರಗೆ. ಅವಳಿಗೆ ಪೌರತ್ವ ಸಿಕ್ಕ ಮೇಲೆ ಅಪ್ಪ ಅಮ್ಮನನ್ನು ಕರೆಸಬಹುದು, ತಮ್ಮನಿಗೆ ಅರ್ಜಿ ಹಾಕಬಹುದು. ತಮ್ಮ ತನ್ನ ಹೆಂಡತಿಯೊಂದಿಗೆ ಬರುತ್ತಾನೆ, ಆ ಹೆಂಡತಿ ಮುಂದೆ ತನ್ನ ಅಕ್ಕನಿಗೆ ಅರ್ಜಿ ಹಾಕುತ್ತಾಳೆ. ಅಮೆರಿಕನ್ ಸೈನಿಕನನ್ನು ಮದುವೆಯಾದಳೆಂದು ಊರವರು ಮಾತಾಡಿಸದೆ ಬಿಟ್ಟ ಹೆಣ್ಣೊಬ್ಬಳು ಹತ್ತು ಹನ್ನೆರಡು ಜನರ ಕುಟುಂಬಕ್ಕೆ ದಾರಿಯಾದ ಉದಾಹರಣೆಗಳು ಬೇಕಾದಷ್ಟಿವೆ. ಕೊರಿಯನ್ ಅಮೆರಿಕನ್ನರ ಇತಿಹಾಸದಲ್ಲಿ ಈ ಹೆಂಗಸರಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ. ಇದೇ ಯುದ್ಧದಿಂದ ಶುರುವಾದ ದತ್ತು ವ್ಯವಸ್ಥೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಅಮೆರಿಕಕ್ಕೆ ಹೋದರು. ಆ ವ್ಯವಸ್ಥೆಯಲ್ಲಿ ನಡೆದ ಅನ್ಯಾಯಗಳಿಗೆ ಸರ್ಕಾರವೇ ಹೊಣೆ ಎಂದು ಕೊರಿಯಾದ ಸತ್ಯಶೋಧನಾ ಆಯೋಗ 2025ರಲ್ಲಿ ಹೇಳಿತು.

ಇನ್ನೊಂದು ಕಡೆ ಪಾರ್ಕ್ ಚುಂಗ್-ಹೀ ಅವರ ಸೇನಾ ಸರ್ಕಾರ 1962ರಲ್ಲಿ ವಲಸೆ ಕಾಯ್ದೆ ತಂದು ಜನರನ್ನು ಹೊರಗೆ ಕಳಿಸುವುದನ್ನೇ ನೀತಿಯಾಗಿ ಮಾಡಿಕೊಂಡಿತು. ಬಾಯಿಗಳು ಕಡಿಮೆಯಾಗಬೇಕು, ಡಾಲರ್ ಬರಬೇಕು. ಪಶ್ಚಿಮ ಜರ್ಮನಿಯ ಗಣಿಗಳಿಗೆ ಗಂಡಸರು, ಆಸ್ಪತ್ರೆಗಳಿಗೆ ನರ್ಸ್‌ಗಳು ಹೋದರು. ಕೆಲವರು ಅಲ್ಲಿಂದಲೇ ಅಮೆರಿಕ ಸೇರಿದರು. ಅಮೆರಿಕಕ್ಕೂ ವೈದ್ಯರು, ನರ್ಸ್‌ಗಳು ಬೇಕಾಗಿದ್ದರು. 1980ರ ದಶಕದ ಕೊನೆಗೆ ವರ್ಷಕ್ಕೆ 35 ಸಾವಿರದಷ್ಟು ಕೊರಿಯನ್ನರು ಅಮೆರಿಕಕ್ಕೆ ವಲಸೆ ಹೋಗುತ್ತಿದ್ದರು. ಆಗಿನ ಜನಸಂಖ್ಯೆಗೆ ಅದು ಲಕ್ಷಕ್ಕೆ 80ಕ್ಕೂ ಹೆಚ್ಚು.

ಇಲ್ಲೊಂದು ಮುಖ್ಯ ಸಂಗತಿ. ಕೊರಿಯಾದ ಅತಿ ಬಡತನದ ಕಾಲ 1950ರ ದಶಕ. ಅತಿ ಹೆಚ್ಚು ಜನ ಹೊರಟದ್ದು 1980ರ ದಶಕದಲ್ಲಿ, ಕಾರ್ಖಾನೆಗಳು ಎದ್ದು, ಮನೆಯಲ್ಲಿ ನಾಲ್ಕು ಕಾಸು ಸೇರಿ, ಮಕ್ಕಳು ಕಾಲೇಜು ಮುಗಿಸಿದ ಮೇಲೆ. ವಿಮಾನದ ಟಿಕೆಟ್‌ಗೆ ದುಡ್ಡಿಲ್ಲದವರು ವಲಸೆ ಹೋಗುವುದಿಲ್ಲ. ಒಂದು ದೇಶ ಬಡತನದಿಂದ ಮೇಲೇಳುವಾಗ ವಲಸೆ ಮೊದಲು ಏರುತ್ತದೆ, ಊರಲ್ಲೇ ಚೆನ್ನಾಗಿ ಬದುಕಬಹುದು ಅನ್ನಿಸಿದ ಮೇಲೆ ಇಳಿಯುತ್ತದೆ.

ಇಳಿದದ್ದೂ ನಿಜ. 1987ರಲ್ಲಿ ಕೊರಿಯಾಕ್ಕೆ ಪ್ರಜಾಪ್ರಭುತ್ವ ಬಂತು, 1988ರಲ್ಲಿ ಸೋಲ್ ಒಲಿಂಪಿಕ್ಸ್ ನಡೆಯಿತು, ಸಂಬಳ ಏರಿತು. 1992ರ ಏಪ್ರಿಲ್ 29ರಿಂದ ಲಾಸ್ ಏಂಜಲೀಸ್‌ನಲ್ಲಿ ನಡೆದ ಗಲಭೆಯಲ್ಲಿ ಕೊರಿಯನ್ನರ ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳು ಸುಟ್ಟವು, ಲೂಟಿಯಾದವು. ಸೋಲ್‌ನ ಮನೆಗಳಲ್ಲಿ ಟಿವಿ ಮುಂದೆ ಕೂತವರಿಗೆ ಅದು ಕಾಣುತ್ತಿತ್ತು. 1999ರ ಹೊತ್ತಿಗೆ ವಲಸೆ 13 ಸಾವಿರದ ಆಸುಪಾಸಿಗೆ ಇಳಿಯಿತು.

ಆದರೂ ಜಪಾನಿನಷ್ಟು ಇಳಿಯಲಿಲ್ಲ. ಒಂದು ಕಾರಣ ಅಲ್ಲಾಗಲೇ ಇದ್ದ ನೆಂಟರಿಷ್ಟರು, ಚರ್ಚುಗಳು. ಇನ್ನೊಂದು ಶಾಲೆ. ಕೊರಿಯಾದಲ್ಲಿ ನವೆಂಬರ್‌ನಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಆಲಿಸುವ ಭಾಗ ನಡೆಯುವಷ್ಟು ಹೊತ್ತು ದೇಶದಲ್ಲಿ ವಿಮಾನಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆ ಪರೀಕ್ಷೆಯ ಒತ್ತಡದಿಂದ ಮಕ್ಕಳನ್ನು ಪಾರು ಮಾಡಲು, ಜೊತೆಗೆ ಇಂಗ್ಲಿಷ್ ಕಲಿಸಲು, ತಾಯಿ ಮಕ್ಕಳು ಅಮೆರಿಕ ಕೆನಡಾಗಳಿಗೆ ಹೋಗಿ ಇರುತ್ತಾರೆ. ತಂದೆ ಸೋಲ್‌ನಲ್ಲಿ ಒಬ್ಬನೇ ಇದ್ದು ದುಡಿದು ಹಣ ಕಳಿಸುತ್ತಾನೆ. ಅಂಥವರನ್ನು ಅಲ್ಲಿ ‘ಕಿರೊಗಿ ಅಪ್ಪ’ ಅನ್ನುತ್ತಾರೆ. ಕಿರೊಗಿ ಎಂದರೆ ವಲಸೆ ಹೋಗುವ ಕಾಡು ಹೆಬ್ಬಾತು. ಇದು ಬಡತನದ ವಲಸೆಯಲ್ಲ, ಉಳ್ಳವರ ಆತಂಕದ ವಲಸೆ.

ಇದೇ ಪರ್ಯಾಯ ದ್ವೀಪದ ಇನ್ನೊಂದು ಅರ್ಧ ನೋಡಿ. ಉತ್ತರ ಕೊರಿಯಾ ಇಡೀ ಪ್ರದೇಶದಲ್ಲೇ ಬಡ ದೇಶ, ಅಲ್ಲಿಂದ ಅಮೆರಿಕಕ್ಕೆ ನಿರಾಶ್ರಿತರಾಗಿ ಹೋದವರು 2004ರಿಂದ ಈಚೆಗೆ ಇನ್ನೂರರ ಆಸುಪಾಸು. ದಕ್ಷಿಣಕ್ಕೆ ತಪ್ಪಿಸಿಕೊಂಡು ಬಂದವರು ಒಟ್ಟು 34 ಸಾವಿರ. ಹೊರಗಿನ ಬಾಗಿಲು ತೆರೆದಿದ್ದರೂ ಒಳಗಿನ ಚಿಲಕ ಹಾಕಿದ್ದರೆ ಬಡತನ ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ.

ಚೀನಾ: ಒಂದು ದೇಶವಲ್ಲ, ಕೆಲವು ಊರು

ಒಳಗಿನ ಚಿಲಕ ಚೀನಾಕ್ಕೂ ಇತ್ತು. 1949ರಿಂದ 1970ರ ದಶಕದ ಕೊನೆಯವರೆಗೆ ಅಲ್ಲಿನ ಸಾಮಾನ್ಯರಿಗೆ ಪಾಸ್‌ಪೋರ್ಟ್ ಕನಸಿನ ಮಾತು. 1965ರ ಕಾನೂನು ಚೀನೀಯರಿಗೆಂದು ಕೊಟ್ಟ ಜಾಗಗಳನ್ನು ತೈವಾನ್, ಹಾಂಗ್‌ಕಾಂಗ್‌ಗಳಲ್ಲಿದ್ದವರು ತುಂಬಿಕೊಂಡರು. 1979ರ ಜನವರಿಯಲ್ಲಿ ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್ ವಾಷಿಂಗ್‌ಟನ್‌ಗೆ ಬಂದಾಗ ಅಧ್ಯಕ್ಷ ಕಾರ್ಟರ್ ಜನರ ಓಡಾಟದ ಸ್ವಾತಂತ್ರ್ಯದ ಮಾತೆತ್ತಿದರಂತೆ. ಒಂದು ಕೋಟಿ ಜನರನ್ನು ಕಳಿಸಲೇ ಎಂದು ಡೆಂಗ್ ಕೇಳಿದ್ದನ್ನು ಕಾರ್ಟರ್ ಅವರೇ ದಾಖಲಿಸಿದ್ದಾರೆ. ಆ ಹೊತ್ತಿಗಾಗಲೇ, 1978ರ ಡಿಸೆಂಬರ್‌ನಲ್ಲಿ, 52 ವಿದ್ವಾಂಸರ ಮೊದಲ ತಂಡ ಅಮೆರಿಕಕ್ಕೆ ಹೋಗಿತ್ತು. 1985ರಲ್ಲಿ ದೇಶ ಬಿಡುವ ನಿಯಮ ಕಾನೂನಾಗಿ ಸಡಿಲವಾಯಿತು. 1989ರಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದ ಪ್ರತಿಭಟನೆಯನ್ನು ಸೇನೆ ಹತ್ತಿಕ್ಕಿದ ನಂತರ, ಅಮೆರಿಕದಲ್ಲೇ ಇದ್ದ ಐವತ್ತು ಸಾವಿರಕ್ಕೂ ಹೆಚ್ಚು ಚೀನೀಯರಿಗೆ 1992ರ ವಿಶೇಷ ಕಾನೂನಿನಡಿ ಗ್ರೀನ್ ಕಾರ್ಡ್ ಸಿಕ್ಕಿತು.

ವಿದ್ಯಾರ್ಥಿಗಳದ್ದು ಒಂದು ಧಾರೆ. ಇನ್ನೊಂದು ಧಾರೆ ಆಗ್ನೇಯ ಕರಾವಳಿಯ ಫುಜಿಯಾನ್ ಪ್ರಾಂತದ್ದು, ಅದರಲ್ಲೂ ಫುಜೌ ನಗರದ ಸುತ್ತಲಿನ ಕೆಲವು ತಾಲ್ಲೂಕುಗಳದ್ದು. 1993ರ ಜೂನ್‌ನಲ್ಲಿ ಗೋಲ್ಡನ್ ವೆಂಚರ್ ಅನ್ನುವ ಹಡಗು ನ್ಯೂಯಾರ್ಕಿನ ಕ್ವೀನ್ಸ್ ಕಡಲತೀರದಲ್ಲಿ ಮರಳಿಗೆ ಹೂತು ನಿಂತಾಗ ಅದರಲ್ಲಿ 286 ಜನರಿದ್ದರು. ಹೆಚ್ಚಿನವರು ಈ ಸೀಮೆಯವರೇ. ತಣ್ಣೀರಿಗೆ ಹಾರಿ ಈಜಲು ಹೋಗಿ ಹತ್ತು ಜನ ಸತ್ತರು. ಆಗ ಕಳ್ಳಸಾಗಣೆದಾರರು ಒಬ್ಬರಿಗೆ ಕೇಳುತ್ತಿದ್ದದ್ದು 30 ಸಾವಿರ ಡಾಲರ್. ಅಷ್ಟು ಸಾಲ ಹುಟ್ಟಿಸಲು ಆಗಲೇ ಅಮೆರಿಕ ಸೇರಿದ ಚಿಕ್ಕಪ್ಪನೋ ಭಾವನೋ ಬೇಕಿತ್ತು.

ಮ್ಯಾನ್‌ಹಟನ್‌ನ ಈಸ್ಟ್ ಬ್ರಾಡ್‌ವೇ ಬೀದಿಯಲ್ಲಿ, ಸೇತುವೆಯ ಬುಡದಲ್ಲಿ, ಇವರಿಗೆ ಹೋಟೆಲ್ ಕೆಲಸ ಕೊಡಿಸುವ ಏಜೆನ್ಸಿಗಳ ಸಾಲೇ ಇತ್ತು. ಗೋಡೆಯ ಚೀಟಿಯಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. ಸಂಬಳ, ಬಸ್ಸಿಗೆ ಎಷ್ಟು ಗಂಟೆ, ಆ ಊರಿನ ಫೋನಿನ ಏರಿಯಾ ಕೋಡ್, ಇಷ್ಟೇ. ಇಂಗ್ಲಿಷ್ ಓದಲು ಬಾರದವನೂ ಮೂರು ಅಂಕಿ ನೋಡಿ ಬಸ್ ಹತ್ತಿ ಯಾವುದೋ ರಾಜ್ಯದ ಚೈನೀಸ್ ಹೋಟೆಲಿನ ಅಡುಗೆಮನೆ ಸೇರುತ್ತಿದ್ದ. ದಿನಕ್ಕೆ ಹನ್ನೆರಡು ತಾಸು ದುಡಿಯುವ ಗಂಡ ಹೆಂಡತಿ ಹುಟ್ಟಿದ ಕೂಸನ್ನು ಅಜ್ಜಿಯ ಹತ್ತಿರ ಫುಜೌಗೆ ಕಳಿಸಿ, ಶಾಲೆಗೆ ಸೇರಿಸುವ ವಯಸ್ಸಿಗೆ ವಾಪಸ್ ಕರೆಸಿಕೊಳ್ಳುತ್ತಿದ್ದರು.

ಫುಜಿಯಾನ್ ಚೀನಾದ ಅತಿ ಬಡ ಪ್ರಾಂತವೇನಲ್ಲ. ಒಳನಾಡಿನ ಹೆನಾನ್, ಸಿಚುವಾನ್‌ಗಳಲ್ಲಿ ಅದಕ್ಕಿಂತ ಬಡತನವಿತ್ತು, ಜನಸಂಖ್ಯೆಯೂ ಹೆಚ್ಚು. ಅಲ್ಲಿಯವರು ನ್ಯೂಯಾರ್ಕಿಗೆ ಹೋಗದೆ ಷೆನ್‌ಜೆನ್‌ನ ಕಾರ್ಖಾನೆಗಳಿಗೆ ಹೋದರು. ಚೀನಾದೊಳಗೇ ಊರು ಬಿಟ್ಟು ದುಡಿಯುವ ಹಳ್ಳಿಯ ಕಾರ್ಮಿಕರು ಈಗ 17 ಕೋಟಿಗೂ ಹೆಚ್ಚು. ಅದರ ಮುಂದೆ ಗ್ರೀನ್ ಕಾರ್ಡಿನ 70 ಸಾವಿರ ಲೆಕ್ಕಕ್ಕೇ ಬರುವುದಿಲ್ಲ. ಉಯೆನೊದ ರೈಲಿನಂತೆ ಇಲ್ಲಿಯೂ ವಲಸೆ ನಡೆಯಿತು, ಗಡಿ ದಾಟಲಿಲ್ಲ ಅಷ್ಟೆ. ಹೀಗಾಗಿ ‘ಚೀನಾದ ದರ’ ಅನ್ನುವ ಮಾತೇ ಸ್ವಲ್ಪ ದಾರಿ ತಪ್ಪಿಸುತ್ತದೆ. ತೈಶಾನ್‌ನ, ಫುಜೌನ ದರವನ್ನು ಬೇರೆಯಾಗಿ ತೆಗೆದರೆ ಅದು ಕೊರಿಯಾದ್ದನ್ನೂ ಮೀರಿಸೀತು.

ತೈವಾನ್‌ನದು ಓದಿದವರ ವಲಸೆ. ‘ಬಾ ಬಾ ಬಾ, ತೈವಾನ್ ವಿಶ್ವವಿದ್ಯಾಲಯಕ್ಕೆ ಬಾ, ಹೋಗು ಹೋಗು ಹೋಗು, ಅಮೆರಿಕಕ್ಕೆ ಹೋಗು’ ಎಂದು ಅಲ್ಲಿ ಒಂದು ಕಾಲಕ್ಕೆ ನಾಣ್ಣುಡಿಯೇ ಇತ್ತು. 1979ರಲ್ಲಿ ಅಮೆರಿಕ ತೈವಾನ್‌ನ ಬದಲು ಬೀಜಿಂಗ್‌ಗೆ ಮಾನ್ಯತೆ ಕೊಟ್ಟಾಗ ತೈವಾನ್‌ನಲ್ಲಿ ದಿಗಿಲು ಹುಟ್ಟಿತು. 1982ರಿಂದ ಅದಕ್ಕೆ ಪ್ರತ್ಯೇಕವಾಗಿ 20 ಸಾವಿರದ ಕೋಟಾ ಸಿಕ್ಕಿತು. ಆಗಿನ ಎರಡು ಕೋಟಿಗೂ ಕಡಿಮೆ ಜನಕ್ಕೆ, ನೂರು ಕೋಟಿಯ ಚೀನಾಕ್ಕೆ ಕೊಟ್ಟಷ್ಟೇ ಜಾಗ! ದರ ಏರದೆ ಇದ್ದೀತೇ? 1987ರಲ್ಲಿ ಸೇನಾ ಕಾನೂನು ಹೋಗಿ, ಷಿಂಚು ವಿಜ್ಞಾನ ಪಾರ್ಕಿನಲ್ಲಿ ಚಿಪ್ ಉದ್ಯಮ ಬೆಳೆದ ಮೇಲೆ ಹೋದವರಲ್ಲೇ ಎಷ್ಟೋ ಎಂಜಿನಿಯರ್‌ಗಳು ಮರಳಿದರು.

ಹುಟ್ಟಿದ ದೇಶದ ಸರದಿ

ಈ ಸಮಾನ ಕೋಟಾದ ವಿಷಯ ನಮಗೆ ಚೆನ್ನಾಗಿ ಗೊತ್ತಿರುವುದೇ. ಈಗಿನ ನಿಯಮದಂತೆ ಮಿತಿಗೆ ಒಳಪಟ್ಟ ಗ್ರೀನ್ ಕಾರ್ಡ್‌ಗಳಲ್ಲಿ ಯಾವ ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಸಿಗುವಂತಿಲ್ಲ. ದೇಶ ಸಣ್ಣದೋ ದೊಡ್ಡದೋ ಕಾನೂನು ನೋಡುವುದಿಲ್ಲ. ಪೌರತ್ವವನ್ನೂ ನೋಡುವುದಿಲ್ಲ, ಹುಟ್ಟಿದ ದೇಶ ನೋಡುತ್ತದೆ. ಹೀಗಾಗಿ ಒಂದೇ ಕಂಪನಿಯಲ್ಲಿ ಒಂದೇ ಕೆಲಸ ಮಾಡುವ ಜಪಾನೀ ಎಂಜಿನಿಯರ್‌ಗೆ ಕೆಲವೇ ವರ್ಷಗಳಲ್ಲಿ ಕಾರ್ಡ್ ಬರುತ್ತದೆ, ಚೀನಾದವರು ಐದಾರು ವರ್ಷ ಕಾಯುತ್ತಾರೆ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಹುಟ್ಟಿದವರು ಹತ್ತು ವರ್ಷ ದಾಟಿದರೂ ಪ್ರತಿ ತಿಂಗಳು ವೀಸಾ ಬುಲೆಟಿನ್ ತೆರೆದು ತಮ್ಮ ಪ್ರಯಾರಿಟಿ ಡೇಟ್, ಅಂದರೆ ಸರದಿಗೆ ನಿಂತ ದಿನಾಂಕ, ಎಲ್ಲಿಗೆ ಬಂತು ಎಂದು ನೋಡುತ್ತಿರುತ್ತಾರೆ. ಹೆಂಡತಿ ಕುವೈತ್‌ನಲ್ಲಿ ಹುಟ್ಟಿದ್ದರೆ ಅವಳ ದೇಶದ ಸರದಿಯಲ್ಲಿ ಗಂಡನೂ ದಾಟಿಬಿಡಬಹುದು. ಇದು ನ್ಯಾಯವೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ವಲಸೆಯ ದರ ನೋಡಿ ಒಂದು ಜನರ ಆಸೆ, ಪ್ರತಿಭೆಗಳನ್ನು ಅಳೆಯುವವರು ಈ ಸಾಲಿನಲ್ಲಿ ನಿಂತವರನ್ನು ಎಣಿಸುವುದೇ ಇಲ್ಲ.

ಕಾನೂನಿನ ಸಾಲು ಉದ್ದವಾದಾಗ ಜನ ಬೇರೆ ದಾರಿ ಹುಡುಕುತ್ತಾರೆ. 2023ರಲ್ಲಿ ಮೆಕ್ಸಿಕೊ ಗಡಿ ದಾಟಿ ಸಿಕ್ಕಿಬಿದ್ದ ಚೀನೀಯರು 35 ಸಾವಿರಕ್ಕೂ ಹೆಚ್ಚು. ಈಕ್ವೆಡಾರ್‌ಗೆ ವಿಮಾನದಲ್ಲಿ ಬಂದು, ಕೊಲಂಬಿಯಾ-ಪನಾಮಾ ಗಡಿಯಲ್ಲಿರುವ ಡೇರಿಯನ್‌ನ ಕಾಡು ನಡೆದು ಬಂದವರು ಬಹಳ. ಅದೇ ವರ್ಷ ಹಾಗೆ ಬಂದ ಜಪಾನೀಯರ ಸುದ್ದಿ ಯಾರೂ ಕೇಳಿಲ್ಲ.

ಈಗ ಕರೆಸಿಕೊಳ್ಳುವ ಸರದಿ ಇವರದು

ಜನರನ್ನು ಕಳಿಸಿದ ದೇಶಗಳೇ ಈಗ ಜನ ಸಿಗದೆ ಕೂತಿವೆ. ಕೊರಿಯಾದಲ್ಲಿ 2023ರಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 0.72 ಮಗು. ಜಪಾನಿನಲ್ಲಿ 2024ರ ಕೊನೆಗೆ ವಿದೇಶಿ ನಿವಾಸಿಗಳು 37 ಲಕ್ಷ ದಾಟಿದರು. ಕಾರ್ಮಿಕರು ಬೇಕಾದಾಗ ಎರಡೂ ದೇಶಗಳು ಮೊದಲು ಕರೆದದ್ದು ತಮ್ಮದೇ ರಕ್ತದವರನ್ನು. ಕೊರಿಯಾ ಚೀನಾದ ಕೊರಿಯನ್ನರಿಗೆ ವೀಸಾ ಕೊಟ್ಟಿತು. ಸೋಲ್‌ನ ದೇರಿಮ್ ಬೀದಿಗಳಲ್ಲಿ ಈಗ ಅವರದೇ ಅಂಗಡಿಗಳು. ಜಪಾನ್ 1990ರಲ್ಲಿ ಕಾನೂನು ತಿದ್ದಿ, ಕಸಾತೊ ಮಾರು ಮತ್ತು ಅದರ ನಂತರದ ಹಡಗುಗಳಲ್ಲಿ ಹೋದವರ ಮಕ್ಕಳು ಮೊಮ್ಮಕ್ಕಳು ಬಂದು ದುಡಿಯಲು ಅವಕಾಶ ಮಾಡಿತು. 2007ರ ಹೊತ್ತಿಗೆ ಜಪಾನಿನ ಕಾರು ಬಿಡಿಭಾಗದ ಕಾರ್ಖಾನೆಗಳ ಊರುಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಬ್ರೆಜಿಲಿಯನ್ನರಿದ್ದರು. ಮುಖ ಜಪಾನೀ, ಮನೆಮಾತು ಪೋರ್ಚುಗೀಸ್.

2008ರ ಆರ್ಥಿಕ ಕುಸಿತದಲ್ಲಿ ಮೊದಲು ಕೆಲಸ ಕಳೆದುಕೊಂಡವರೂ ಇವರೇ. ಮರುವರ್ಷ ಸರ್ಕಾರ ಕೆಲಸಗಾರನಿಗೆ 3 ಲಕ್ಷ ಯೆನ್, ಅವಲಂಬಿತರಿಗೆ ತಲಾ 2 ಲಕ್ಷ ಯೆನ್ ಕೊಟ್ಟು ವಾಪಸ್ ಕಳಿಸುವ ಯೋಜನೆ ಮಾಡಿತು. ಹಣ ತೆಗೆದುಕೊಂಡು ಹೋದವರು ಸದ್ಯಕ್ಕೆ ಅದೇ ವೀಸಾದಲ್ಲಿ ಮರಳುವಂತಿಲ್ಲ ಅನ್ನುವ ಷರತ್ತು. ಇಪ್ಪತ್ತು ಸಾವಿರದಷ್ಟು ಜನ ಹಣ ತೆಗೆದುಕೊಂಡು ಹೋದರು. 2013ರಲ್ಲಿ, ಕಾರ್ಖಾನೆಗಳಿಗೆ ಮತ್ತೆ ಕೈಗಳು ಬೇಕಾದಾಗ, ಜಪಾನ್ ಆ ಷರತ್ತನ್ನು ಸಡಿಲಿಸಿತು.